ತೋಟದ ಮನೆಯಲ್ಲಿ ಪ್ಲೇಸ್ಟೇಷನ್‌ಗೆ ಇಂಟರ್ನೆಟ್ ನಿಲ್ಲುತ್ತಿಲ್ಲ, ತಿಳಿದವರು ದಾರಿ ಹೇಳಿ

ತೋಟದಮನೆ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಸಮೀಪದ ಕಾಫಿ ತೋಟದೊಳಗಿನ ಹಳೆಯ ಹಂಚಿನ ಮನೆ; ಮಣ್ಣಿನ ಗೋಡೆಗಳು ಒಂದೂವರೆ ಅಡಿ ದಪ್ಪ ಇವೆ. ಫೈಬರ್ ಪೆಟ್ಟಿಗೆಯನ್ನು ಜಗಲಿಯಲ್ಲಿ ಕರೆಂಟ್ ಮೀಟರಿನ ಪಕ್ಕ ಕೂರಿಸಿದ್ದಾರೆ. ಒಳಗೆ ಸಿಗ್ನಲ್ ಬಾರದ ಕಾರಣ ಪೇಟೆಯಿಂದ ಇನ್ನೊಂದು ರೂಟರ್ ತಂದು ನಡುಮನೆಯಲ್ಲಿಟ್ಟು, ಅದಕ್ಕೆ ಜಗಲಿಯಿಂದ ಕೇಬಲ್ ಎಳೆದಿದ್ದೇವೆ. ಮಗನ ಕೋಣೆಯಲ್ಲಿರುವುದು ಅವನ ಸೋದರಮಾವ ಕೊಟ್ಟ ಪ್ಲೇಸ್ಟೇಷನ್ 4, ಅಂದರೆ 2013ರಲ್ಲಿ ಬಿಡುಗಡೆಯಾದ ಮೊದಲ ಮಾದರಿ.

ಆಟ ಶುರುವಾಗಿ ಹತ್ತು ಹದಿನೈದು ನಿಮಿಷಕ್ಕೆ ಸಂಪರ್ಕ ಕಡಿದುಹೋಗುತ್ತದೆ, ಎದುರಿನವರ ಮಾತೂ ಕೇಳಿಸುವುದಿಲ್ಲ. ಜಗಲಿಯಲ್ಲಿ ನಿಂತರೆ ಮೊಬೈಲಿನಲ್ಲಿ 45 ಎಂಬಿಪಿಎಸ್ ಬರುತ್ತದೆ. ಪ್ಲೇಸ್ಟೇಷನ್ನಿನ ಪರೀಕ್ಷೆಯಲ್ಲಿ 3 ಎಂಬಿಪಿಎಸ್ ಮತ್ತು 'ನ್ಯಾಟ್ ಟೈಪ್ 3' ಎಂದು ತೋರಿಸುತ್ತದೆ. ಒಬ್ಬರು ಹೇಳಿದಂತೆ ಡಿಎನ್ಎಸ್ ಅನ್ನು 8.8.8.8 ಎಂದು ಬದಲಿಸಿದರೂ ಪ್ರಯೋಜನವಾಗಲಿಲ್ಲ. ರಿಪೇರಿ ಅಂಗಡಿಯವರು ಒಳಗಿನ ವೈಫೈ ಭಾಗವೇ ಹೋಗಿದೆ ಎನ್ನುತ್ತಾರೆ. ಮಗನ ಆಪ್ತ ಗೆಳೆಯ ಈ ವರ್ಷ ಓದಲು ಹಾಸನಕ್ಕೆ ಹೋಗಿದ್ದಾನೆ. ಭಾನುವಾರ ಸಂಜೆ ಅವರಿಬ್ಬರೂ ಜೊತೆಯಾಗುವುದು ಈ ಆಟದಲ್ಲಿ ಮಾತ್ರ. ಆದ್ದರಿಂದ ಇದನ್ನು ಸರಿಪಡಿಸಲೇಬೇಕು ಎಂದು ಕೇಳುತ್ತಿದ್ದೇನೆ.

ಹಾಸನದಿಂದ ಒಬ್ಬರು

ಮೇಡಂ, ಭಾಗ ಬದಲಿಸಲು ಈಗಲೇ ಹಣ ಕೊಡಬೇಡಿ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ.

ಮೊದಲನೆಯದು ಗೋಡೆ. ಆ ಮೊದಲ ಮಾದರಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು; 5 ಗಿಗಾಹರ್ಟ್ಸ್ ಬಂದದ್ದು 2016ರ ಸ್ಲಿಮ್ ಮತ್ತು ಪ್ರೊ ಮಾದರಿಗಳಲ್ಲಿ. ಗೋಡೆ ದಾಟುವುದರಲ್ಲಿ 2.4 ಗಟ್ಟಿಯೇ ಆದರೂ ಒಂದೂವರೆ ಅಡಿ ಮಣ್ಣು, ಅದರಲ್ಲೂ ಮಳೆಗಾಲದಲ್ಲಿ ತೇವ ಹೀರಿದ ಮಣ್ಣು, ಸಿಗ್ನಲ್ಲನ್ನು ಬಹುಪಾಲು ನುಂಗಿಬಿಡುತ್ತದೆ. ತೋಟದ ಮನೆಗೆ ನೆರೆಮನೆಯ ವೈಫೈ ಕಾಟವಿರುವುದಿಲ್ಲ, ನಿಜ; ಆದರೆ ನಿಮ್ಮದೇ ಎರಡು ರೂಟರ್‌ಗಳು ಒಂದೇ ಚಾನೆಲ್‌ನಲ್ಲಿದ್ದರೆ ಅವೇ ಒಂದಕ್ಕೊಂದು ಅಡ್ಡಿಯಾಗುತ್ತವೆ. ಒಂದನ್ನು 1ಕ್ಕೂ ಇನ್ನೊಂದನ್ನು 11ಕ್ಕೂ ಇಡಿ.

ಯಾವುದಕ್ಕೂ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಪ್ಲೇಸ್ಟೇಷನ್ ಮತ್ತು ಟಿವಿಯನ್ನು ಒಂದು ದಿನದ ಮಟ್ಟಿಗೆ ಜಗಲಿಗೆ ತಂದು, ಫೈಬರ್ ಪೆಟ್ಟಿಗೆಗೆ ನೇರವಾಗಿ ಲ್ಯಾನ್ ಕೇಬಲ್ ಹಾಕಿ ಆಡಲು ಹೇಳಿ. ಅಲ್ಲಿ ಆಟ ಕಡಿಯದಿದ್ದರೆ ಹೊರಗಿನ ಲೈನಿನಲ್ಲಿ ದೋಷವಿಲ್ಲ, ತೊಂದರೆ ಮನೆಯೊಳಗೇ ಇದೆ ಎಂದು ತಿಳಿಯಬಹುದು. ಡಿಎನ್ಎಸ್ ಎಂಬುದು ಹೆಸರನ್ನು ವಿಳಾಸವಾಗಿ ಹುಡುಕಿಕೊಡುವುದಷ್ಟೇ. ಶುರುವಾದ ಆಟ ನಡುವೆ ಕಡಿಯುವುದಕ್ಕೆ ಅದು ಮದ್ದಲ್ಲ.

ಬೇಲೂರು ರಸ್ತೆ, ಚಿಕ್ಕಮಗಳೂರು

ಎರಡನೆಯ ತೊಂದರೆಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಇದೇ ಕಾರಣಕ್ಕೆ ಮೂರು ವಾರ ಒದ್ದಾಡಿದ್ದೇವೆ.

ಫೈಬರ್ ಪೆಟ್ಟಿಗೆಯೂ ಒಂದು ರೂಟರ್, ನೀವು ತಂದದ್ದೂ ಒಂದು ರೂಟರ್. ಎರಡೂ ತಮ್ಮ ಹಿಂದಿರುವ ಸಾಧನಗಳ ವಿಳಾಸವನ್ನು ಮರೆಮಾಡಿ ತಮ್ಮದೇ ವಿಳಾಸ ಹಾಕಿ ಕಳಿಸುತ್ತವೆ. ಇದನ್ನೇ ನ್ಯಾಟ್ ಎನ್ನುವುದು. ಅದು ಎರಡು ಸಲ ನಡೆದಾಗ, ಹೊರಗಿನಿಂದ ಗೆಳೆಯನ ಧ್ವನಿ ಬಂದರೂ ಯಾರಿಗೆ ತಲುಪಿಸಬೇಕೆಂದು ಮೊದಲ ಪೆಟ್ಟಿಗೆಗೆ ತಿಳಿಯದೆ ಅಲ್ಲೇ ಬಿದ್ದುಹೋಗುತ್ತದೆ. ಟೈಪ್ 3, ಅಂದರೆ ಹೊರಗಿನವರೊಡನೆ ನೇರ ಸಂಪರ್ಕ ಕಷ್ಟವಾಗುವ ಸ್ಥಿತಿ, ಬರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ನಡುಮನೆಯ ರೂಟರಿನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' (ವಿಳಾಸ ಬದಲಿಸದೆ ಸಿಗ್ನಲ್ ಮಾತ್ರ ಹರಡುವ ವ್ಯವಸ್ಥೆ) ಇದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದರೆ ಫೈಬರ್ ಪೆಟ್ಟಿಗೆಯ ವಿಳಾಸ ನೋಡಿಕೊಳ್ಳಿ, ಅದು 192.168.1.1 ಆಗಿದ್ದರೆ ನಡುಮನೆಯ ರೂಟರಿಗೆ 192.168.1.2 ಕೊಟ್ಟು, ಅದರ ಡಿಎಚ್‌ಸಿಪಿ (ಸಾಧನಗಳಿಗೆ ತಾನೇ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಜಗಲಿಯಿಂದ ಬರುವ ಕೇಬಲನ್ನು 'ವ್ಯಾನ್' ಎಂದು ಬರೆದ ತೂತಿನಿಂದ ಕಿತ್ತು 'ಲ್ಯಾನ್' ತೂತಿಗೆ ಹಾಕಿ. ನಾವು ಉಳಿದೆಲ್ಲವನ್ನೂ ಮಾಡಿ ಕೇಬಲ್ ಬದಲಿಸುವುದನ್ನೇ ಮರೆತಿದ್ದೆವು. ಫೈಬರ್ ಪೆಟ್ಟಿಗೆಯಲ್ಲಿ ಯುಪಿಎನ್‌ಪಿ (ಆಟಕ್ಕೆ ಬೇಕಾದ ದಾರಿಯನ್ನು ತಾನಾಗಿ ತೆರೆಯುವ ಸೌಲಭ್ಯ) ಚಾಲೂ ಇರಲಿ.

ಆಮೇಲೂ ಟೈಪ್ 3 ಬಂದರೆ, ಫೈಬರ್ ಪೆಟ್ಟಿಗೆಯ ಸ್ಟೇಟಸ್ ಪುಟದಲ್ಲಿ ಹೊರಗಿನ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ, ಕಂಪನಿಯವರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಹಳೆಯ ಐಪಿ ವಿಳಾಸ ಪದ್ಧತಿಯಲ್ಲಿ (ಐಪಿವಿ4) ಇರುವುದೇ ಸುಮಾರು 429 ಕೋಟಿ ವಿಳಾಸಗಳಾದ್ದರಿಂದ ಹೀಗೆ ಮಾಡುತ್ತಾರೆ. ಆಗ ಮನೆಯಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದು ಫಲವಿಲ್ಲ, ನಮ್ಮ ಮನೆಗೇ ಮೀಸಲಾದ ಪಬ್ಲಿಕ್ ಐಪಿ ಕೊಡಿ ಎಂದು ಅವರನ್ನೇ ಕೇಳಬೇಕು.

ಸಕಲೇಶಪುರದವರು

ಕೇಬಲ್ ಎಳೆಯುವವರಿಗೆ ಒಂದು ಮಾತು. ತಾಮ್ರದ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಚೆನ್ನಾಗಿ ನಡೆಯುತ್ತದೆ, ಆದರೆ ಅದನ್ನು ಮನೆಯ ಒಳಗೇ ಎಳೆಯಿರಿ. ನಾವು ಮನೆಯಿಂದ ಕಣದಾಚೆಯ ಕೋಣೆಗೆ ಬಯಲಲ್ಲಿ ಎಳೆದಿದ್ದೆವು. ಏಪ್ರಿಲ್‌ನ ಹೂಮಳೆಯ ದಿನ ಸಿಡಿಲು ಹತ್ತಿರದಲ್ಲಿ ಬಡಿದಾಗ ರೂಟರ್ ಸುಟ್ಟಿತು, ಅಣ್ಣನ ಮಗನ ಪ್ಲೇಸ್ಟೇಷನ್ನಿನ ಲ್ಯಾನ್ ಪೋರ್ಟೂ ಹೋಯಿತು. ಗುಡುಗು ಕೇಳಿಸಿದೊಡನೆ ಕರೆಂಟ್ ಪ್ಲಗ್ಗಿನ ಜೊತೆಗೆ ಲ್ಯಾನ್ ಕೇಬಲನ್ನೂ ತೆಗೆಯುವುದು ಒಳ್ಳೆಯದು.

ತೋಟದಮನೆ, ಮೂಡಿಗೆರೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಜಗಲಿಯಲ್ಲಿ ಎರಡು ಗಂಟೆ ಆಡಿದರೂ ಒಮ್ಮೆಯೂ ಕಡಿಯಲಿಲ್ಲ. ನಡುಮನೆಯ ರೂಟರಿನಲ್ಲಿ ಆ ಮೋಡ್ ಇರಲಿಲ್ಲವಾದ್ದರಿಂದ ಎರಡನೆಯ ವಿಧಾನವನ್ನೇ ಅನುಸರಿಸಿದೆವು. ಈಗ 'ಟೈಪ್ 2' ಎಂದು ತೋರಿಸುತ್ತಿದೆ. ಗೋಡೆ ಕೊರೆಯಲು ನಮ್ಮ ಅತ್ತೆಯವರು ಒಪ್ಪಲಿಲ್ಲ. ಮಾಡಿನ ಕೆಳಗೆ ಗಾಳಿಗೆಂದು ಬಿಟ್ಟಿರುವ ಕಿಂಡಿಯಿಂದ ರೂಟರಿನ ಕೇಬಲನ್ನು ಮಗನ ಕೋಣೆಗೆ ಇಳಿಸಿದ್ದೇವೆ, 43 ಎಂಬಿಪಿಎಸ್ ಬರುತ್ತಿದೆ. ಹೊರಗಿನ ವಿಳಾಸ 100.72 ಎಂದು ಶುರುವಾಗುತ್ತದೆ, ಆದರೂ ಸದ್ಯಕ್ಕೆ ತೊಂದರೆ ಕಾಣುತ್ತಿಲ್ಲವಾದ್ದರಿಂದ ಕಂಪನಿಯವರನ್ನು ಕೇಳಿಲ್ಲ. ನಿನ್ನೆ ಸಂಜೆ ಹಾಸನದ ಹುಡುಗನ ಧ್ವನಿ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು, "ಅಮ್ಮ, ಚೆನ್ನಾಗಿದ್ದೀರಾ?" ಎಂದು ನನ್ನನ್ನೂ ಮಾತಾಡಿಸಿದ.