‘ಲಾಂಗ್ ಟೇಕ್’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಸಿನಿಮಾ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಲಾಂಗ್ ಟೇಕ್’ (ನಡುವೆ ಕಟ್ ಇಲ್ಲದೆ ಬಹಳ ಹೊತ್ತು ಸಾಗುವ ಒಂದೇ ಶಾಟ್) ಎಂಬಲ್ಲಿ ಬಂಡಿ ಹೂತುಕೊಂಡಿದೆ.

ಮೊದಲು ‘ದೀರ್ಘ ಚಿತ್ರಿಕೆ’ ಎಂದು ಬರೆದೆ (ಚಿತ್ರಿಕೆ ಎಂದರೆ ಶಾಟ್). ಕರಡು ಓದಿದವರು ಅದನ್ನು ಲಾಂಗ್ ಶಾಟ್ ಎಂದೇ ತಿಳಿದರು. ಅಲ್ಲಿ ‘ಲಾಂಗ್’ ದೂರದ ಮಾತು, ಇಲ್ಲಿ ಹೊತ್ತಿನ ಮಾತು.

ಗಾಂಧಿನಗರದ ಸಿನಿಮಾಗಳಿಗೆ ಕ್ಯಾಮೆರಾ ಸಹಾಯಕನಾಗಿ ದುಡಿಯುವ ಪರಿಚಿತನನ್ನು ಕೇಳಿದೆ. “ಸಿಂಗಲ್ ಟೇಕ್ ಎಂದರಾಯಿತು” ಎಂದ. ಮರುಗಳಿಗೆಯೇ ಹಳೆಯ ನಟರೊಬ್ಬರನ್ನು ನೆನೆದು “ಅವರದೆಲ್ಲ ಸಿಂಗಲ್ ಟೇಕ್” ಎಂದ. ಅಂದರೆ, ಮೊದಲ ಸಲಕ್ಕೇ ಓಕೆ! ರಷ್ಯಾದ ಹರ್ಮಿಟೇಜ್ ಸಂಗ್ರಹಾಲಯದೊಳಗೆ ಒಂದೂ ಕಟ್ ಇಲ್ಲದೆ ಸುಮಾರು ಒಂದೂವರೆ ಗಂಟೆ ಸಾಗುವ ‘ರಷ್ಯನ್ ಆರ್ಕ್’ (2002) ಚಿತ್ರ ಕೈಗೂಡಿದ್ದು ನಾಲ್ಕನೆಯ ಪ್ರಯತ್ನಕ್ಕೆ. ಗಾಂಧಿನಗರದ ಲೆಕ್ಕದಲ್ಲಿ ಅದು ಸಿಂಗಲ್ ಟೇಕೇ ಅಲ್ಲ.

‘ಅಖಂಡ ಚಿತ್ರಿಕೆ’? ನನಗೆ ಕೂಡಲೇ ರಾತ್ರಿಯಿಡೀ ನಡೆಯುವ ಭಜನೆಯ ತಾಳ ಕೇಳಿಸುತ್ತದೆ. ಅದಿರಲಿ, ಬಹುತೇಕ ಒಂದೇ ಶಾಟಿನಂತೆ ಕಾಣುವ 1948ರ ‘ರೋಪ್’ ಚಿತ್ರದಲ್ಲಿ ರೀಲು ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದುದರಿಂದ ನಿರ್ದೇಶಕ ಹಿಚ್‌ಕಾಕ್ ಹಲವೆಡೆ ಕ್ಯಾಮೆರಾವನ್ನು ಪಾತ್ರದ ಕೋಟಿನ ಬೆನ್ನಿಗೇ ಒಯ್ದು, ಆ ಕತ್ತಲಲ್ಲಿ ರೀಲಿಗೆ ರೀಲಿನ ಬೆಸುಗೆ ಮುಚ್ಚಿದರು. ತುಂಡುಗಳನ್ನು ಹೊಲಿದದ್ದು ಅಖಂಡ ಹೇಗಾದೀತು?

ಮೊನ್ನೆ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಹೂವಿಗೆ ನಿಂತಿದ್ದೆ. ಹೂವಿನವಳು ಮಲ್ಲಿಗೆ ಕಟ್ಟುತ್ತಲೇ ಹೋದಳು. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಇನ್ನೊಂದು ಮೊಳ. ಮಾಲೆಯನ್ನು ಬ್ಲೇಡಿನ ಬಳಿಗೆ ತಂದಳು, ಏನೆನ್ನಿಸಿತೋ, ನಾಲ್ಕು ಹೂವಿನಷ್ಟು ಮುಂದಕ್ಕೆ ಜಾರಿಸಿದಳು. ಅಷ್ಟು ಹೊತ್ತೂ ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದುದು ಆ ಕತ್ತರಿಸುವ ಗಳಿಗೆಗೆ. ಈ ಬಗೆಯ ಶಾಟುಗಳ ಸೆಳೆತವೂ ಇದೇ ಅನ್ನಿಸಿತು. ಕಟ್ ಈಗ ಬಂದೀತು, ಈಗ ಬಂದೀತು ಎಂದು ಕಾಯುತ್ತೇವೆ, ಅದು ಬರುವುದಿಲ್ಲ, ಕಣ್ಣು ಕೀಳಲಾಗುವುದಿಲ್ಲ.

ಹಾಗಾಗಿ ‘ಎವೆಯಿಕ್ಕದ ಚಿತ್ರಿಕೆ’ ಎಂದು ಬರೆದಿದ್ದೇನೆ. ಎವೆಯಿಕ್ಕದಿರುವುದು ಕ್ಯಾಮೆರಾವೋ ನೋಡುಗನೋ ಎಂಬ ಗೊಂದಲ ನನಗೇನೋ ಇಷ್ಟವೇ, ಸಂಪಾದಕರಿಗೆ ಇಷ್ಟವಾಗಲಿಕ್ಕಿಲ್ಲ. ‘ಅನಿಮಿಷ ಚಿತ್ರಿಕೆ’ ಎಂದರೆ ಚಿಕ್ಕದು, ಆದರೆ ದೇವತೆಗಳು ನೆನಪಾಗುತ್ತಾರೆ (ಸಂಸ್ಕೃತ ಬಲ್ಲವರಿಗೆ ಮೀನೂ).

ಸೆಟ್ಟಿನಲ್ಲಿ ಇದಕ್ಕೆ ಅಪ್ಪಟ ಕನ್ನಡದ ಮಾತೇನಾದರೂ ಚಾಲ್ತಿಯಲ್ಲಿದೆಯೇ? ಕೇಳಿದವರಿದ್ದರೆ, ಯಾವ ವಾಕ್ಯದಲ್ಲಿ ಕೇಳಿದಿರೋ ಆ ವಾಕ್ಯದ ಸಮೇತ ತಿಳಿಸಿ.