1380 ಕೋಟಿ ವರ್ಷದ ವಿಶ್ವ 9300 ಕೋಟಿ ಜ್ಯೋತಿರ್ವರ್ಷ ಅಗಲ ಹೇಗಾಯಿತು?

ಕರೆಂಟ್ ಅಂಗಡಿ, ಶಕ್ತಿನಗರ:
ನಮಸ್ಕಾರ. ನಿನ್ನೆ ಸೆಖೆ ತಡೆಯದೆ ಮಾಳಿಗೆ ಮೇಲೆ ಮಲಗಿದ್ದೆವು. ಪಿಯುಸಿ ಓದುವ ಮಗಳು ಶುರು ಮಾಡಿದಳು. ವಿಶ್ವ ಹುಟ್ಟಿ 1380 ಕೋಟಿ ವರ್ಷ. ಬೆಳಕಿಗಿಂತ ಜೋರಾಗಿ ಏನೂ ಓಡಲ್ಲ. ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ. ಹಾಗಿದ್ದರೆ ಕಾಣುವ ವಿಶ್ವದ ಅಗಲ ಆ ಕಡೆ, ಈ ಕಡೆ ಸೇರಿ 2760 ಕೋಟಿ ಜ್ಯೋತಿರ್ವರ್ಷ ಇರಬೇಕು, ಅಲ್ವಾ? 9300 ಕೋಟಿ ಹೇಗೆ ಬಂತು? ನಾನು ಸುಮ್ನೆ ಥರ್ಮಲ್ ಚಿಮಣಿಯ ಕೆಂಪು ದೀಪ ನೋಡುತ್ತಾ ನಿದ್ದೆ ಬಂದವನ ಹಾಗೆ ಮಾಡಿದೆ.

ಸಿಂಧನೂರು ಮೇಷ್ಟ್ರು:
ಅಣ್ಣಾ, ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಒಂದು ಇರುವೆ ಹೊರಟಿತು ಅಂದುಕೊಳ್ಳಿ. (ಆ ರೊಟ್ಟಿ ಯಾರು ತಿಂತಾರೆ ಅಂತ ಕೇಳಬೇಡಿ.) ಇರುವೆ ನಡೆದದ್ದು ನಾಲ್ಕು ಬೆರಳು. ಅಷ್ಟರಲ್ಲಿ ಹಿಟ್ಟು ಅಗಲವಾಗಿ, ಅದು ಹೊರಟ ಜಾಗ ಒಂದು ಗೇಣು ದೂರ ಹೋಗಿರುತ್ತದೆ. ನಮಗೆ ಸಿಗುವ ಅತಿ ಹಳೆಯ ಬೆಳಕು ಹೊರಟ ಜಾಗವೂ ಹಾಗೇ. ಈಗ ಅದು ಸುಮಾರು 4650 ಕೋಟಿ ಜ್ಯೋತಿರ್ವರ್ಷ ದೂರ. ಆ ಕಡೆ, ಈ ಕಡೆ ಸೇರಿದರೆ 9300 ಕೋಟಿ.

ಗಂಗಾವತಿ ಅಕ್ಕ:
ಮೇಷ್ಟ್ರೇ, ರೊಟ್ಟಿಗೆ ಅಂಚಿದೆ, ನಡು ಇದೆ. ವಿಶ್ವದಲ್ಲಿ ಎರಡೂ ಸಿಕ್ಕಿಲ್ಲ. 9300 ಕೋಟಿ ಕಾಣುವಷ್ಟರ ಲೆಕ್ಕ ಮಾತ್ರ. ಪೂರ್ತಿ ಎಷ್ಟಿದೆಯೋ ಯಾರೂ ಅಳೆದಿಲ್ಲ.

ಕರೆಂಟ್ ಅಂಗಡಿ, ಶಕ್ತಿನಗರ:
ಅಳೆಯೋದಾದರೂ ಹೇಗೆ? ಟೇಪ್ ಹಿಡಿಯೋಕಾಗಲ್ಲ.

ಗಂಗಾವತಿ ಅಕ್ಕ:
ನಿಮ್ಮ ಅಂಗಡಿ ಲೆಕ್ಕದಲ್ಲೇ! ಬಲ್ಬಿನ ವ್ಯಾಟ್ ಗೊತ್ತಿದ್ದರೆ, ಎಷ್ಟು ಮಂಕಾಗಿದೆ ಅಂತ ನೋಡಿ ದೂರ ಹೇಳಬಹುದು. ಸೆಫೀಡ್ ನಕ್ಷತ್ರಗಳ ಬೆಳಕು ಏರಿ ಇಳಿಯುತ್ತಿರುತ್ತದೆ. ನಿಧಾನವಾಗಿ ಏರಿಳಿದಷ್ಟೂ ವ್ಯಾಟ್ ಜಾಸ್ತಿ. 1912ರಲ್ಲಿ ಹೆನ್ರಿಯೆಟಾ ಲೆವಿಟ್ ಇದನ್ನು ತೋರಿಸಿದರು. ಇದನ್ನೇ ಹಿಡಿದು ಖಗೋಳ ವಿಜ್ಞಾನಿ ಹಬಲ್ ಆಂಡ್ರೊಮೆಡಾ ಗೆಲಾಕ್ಸಿ ಸುಮಾರು 9 ಲಕ್ಷ ಜ್ಯೋತಿರ್ವರ್ಷ ದೂರ ಅಂದರು. ಅದು ಇರುವುದು 25 ಲಕ್ಷದಷ್ಟು ದೂರ! ಸೆಫೀಡ್‌ಗಳಲ್ಲಿ ಎರಡು ಜಾತಿ ಇವೆ, ಒಂದೇ ಅಂದುಕೊಂಡಿದ್ದರು. 1952ರಲ್ಲಿ ವಾಲ್ಟರ್ ಬಾಡೆ ಅದನ್ನು ತಿದ್ದಿದಾಗ ಗೆಲಾಕ್ಸಿಗಳೆಲ್ಲ ಒಮ್ಮೆಗೇ ದುಪ್ಪಟ್ಟು ದೂರ ಹೋದವು.

ಕರೆಂಟ್ ಅಂಗಡಿ, ಶಕ್ತಿನಗರ:
ಅಕ್ಕಾ, ಈ ಕಷ್ಟ ನನಗೆ ಗೊತ್ತು. ಹೋದ ವರ್ಷ ಬಂದ ಬಲ್ಬುಗಳ ಡಬ್ಬಿ ಮೇಲೆ 12 ವ್ಯಾಟ್, ಮೀಟರ್ ಇಟ್ಟರೆ 9. ಇಡೀ ಪೆಟ್ಟಿಗೆ ವಾಪಸ್ ಕಳಿಸಿದೆ.

ಸಿಂಧನೂರು ಮೇಷ್ಟ್ರು:
ಜಗಳ ಇನ್ನೂ ಮುಗಿದಿಲ್ಲ ಅಣ್ಣಾ. ವಿಶ್ವ ಹಿಗ್ಗುವ ವೇಗಕ್ಕೆ ಸೆಫೀಡ್, ಸೂಪರ್‌ನೋವಾ (ಸಿಡಿಯುವ ನಕ್ಷತ್ರ) ಹಿಡಿದು ಅಳೆದವರಿಗೆ 73 ಬರುತ್ತದೆ. ಆ ಹಳೆಯ ಬೆಳಕಿನಿಂದ ಲೆಕ್ಕ ಹಾಕಿದವರಿಗೆ 67. ಅಂದರೆ ಸುಮಾರು 33 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಅಷ್ಟು ಕಿಲೋಮೀಟರ್.

ಕರೆಂಟ್ ಅಂಗಡಿ, ಶಕ್ತಿನಗರ:
ಎರಡು ಮೀಟರ್ ಎರಡು ರೀಡಿಂಗ್ ಕೊಟ್ಟರೆ ನಾನು ಮೀಟರ್ ಕೆಟ್ಟಿದೆ ಅನ್ನುತ್ತೇನೆ. ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. ವೈರಿಂಗೇ ಬೇರೆ ಇರಬಹುದಲ್ಲ ಅಪ್ಪಾ ಅಂತಾಳೆ.