ತೋಟದ ಪಂಪಿಗೆ ‘ಉಚಿತ ಶಕ್ತಿ’ ಯಂತ್ರ: ಟೆಸ್ಲಾ ಹೇಳಿದ್ದು ಇದನ್ನೇ?

ಪ್ರಶ್ನೆ (ಅಡಿಕೆ ಕೃಷಿಕ, ಕಾರ್ಕಳ ತಾಲೂಕು)

ಮಾನ್ಯರೇ, ನಮ್ಮ ತೋಟದಲ್ಲಿ 2 ಅಶ್ವಶಕ್ತಿಯ ಪಂಪ್ ಇದೆ. ಬಿಲ್ಲಿನ ಚಿಂತೆಗಿಂತ ವೋಲ್ಟೇಜಿನ ಚಿಂತೆಯೇ ದೊಡ್ಡದು. ಮಾರ್ಚ್ ಬಂತೆಂದರೆ ಮೋಟಾರು ಏಳುವುದೇ ಇಲ್ಲ. ಕಳೆದ ವಾರ ಒಬ್ಬರು ಬಂದು ಒಂದು ಯಂತ್ರ ತೋರಿಸಿದರು. ಮೋಟಾರು ಸುಮಾರು ಒಂದು ಕ್ವಿಂಟಲ್ ತೂಕದ ಕಬ್ಬಿಣದ ಚಕ್ರವನ್ನು ತಿರುಗಿಸುತ್ತದೆ, ಚಕ್ರವು ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಪ್ಲಗ್ ಕಿತ್ತ ಮೇಲೂ ಬಲ್ಬು ಕೆಲವು ನಿಮಿಷ ಉರಿಯಿತು. ಇದು ವಿಜ್ಞಾನಿ ನಿಕೋಲಾ ಟೆಸ್ಲಾ ಕಂಡುಹಿಡಿದ ಉಚಿತ ಶಕ್ತಿಯೆಂದೂ, ತಂತಿಯಿಲ್ಲದೆ ವಿದ್ಯುತ್ ಕೊಡುವ ಅವರ ವಿದ್ಯೆಯನ್ನು ಮುಚ್ಚಿಡಲಾಯಿತೆಂದೂ ಅವರು ಹೇಳಿದರು. ಮುಂಗಡ ಕೊಡುವ ಮೊದಲು ಬಲ್ಲವರ ಮಾತು ಕೇಳಬೇಕೆಂದಿದ್ದೇನೆ.

ಉತ್ತರ (ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಉಡುಪಿ)

ದಯವಿಟ್ಟು ಮುಂಗಡ ಕೊಡಬೇಡಿ. ತಾವು ಕಂಡದ್ದು ಸುಳ್ಳಲ್ಲ, ಆದರೆ ಅದರ ಅರ್ಥ ಬೇರೆ. 100 ಕಿಲೋ ತೂಕದ, 60 ಸೆಂಟಿಮೀಟರ್ ಅಗಲದ ಚಕ್ರವು ನಿಮಿಷಕ್ಕೆ 1500 ಸುತ್ತು ತಿರುಗುವಾಗ ಅದರಲ್ಲಿ ಸುಮಾರು 55,000 ಜೂಲ್ ಶಕ್ತಿ ಕೂಡಿರುತ್ತದೆ (ಒಂದು ವ್ಯಾಟಿನ ಉಪಕರಣ ಒಂದು ಸೆಕೆಂಡಿನಲ್ಲಿ ಬಳಸುವುದು ಒಂದು ಜೂಲ್). ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 100 ವ್ಯಾಟಿನ ಬಲ್ಬು ಅದರಿಂದ 9 ನಿಮಿಷ ಉರಿಯಬಹುದು. ತಮ್ಮ ಪಂಪಿಗೆ ಬೇಕಾದದ್ದು ಸುಮಾರು 1500 ವ್ಯಾಟ್. ಅದೇ ಚಕ್ರ ಅದನ್ನು 40 ಸೆಕೆಂಡು ಕೂಡ ಓಡಿಸಲಾರದು. ಅಷ್ಟೂ ಶಕ್ತಿ ಪ್ಲಗ್ಗಿನಿಂದಲೇ ಬಂದದ್ದು. ಆಲ್ಟರ್ನೇಟರಿನ ವಿದ್ಯುತ್ತನ್ನು ಮೋಟಾರಿಗೇ ಮರಳಿ ಕೊಟ್ಟರೂ, ಎರಡೂ ಶೇಕಡಾ 85ರಷ್ಟು ದಕ್ಷವಾಗಿವೆ ಎಂದುಕೊಂಡರೆ, 1000 ವ್ಯಾಟಿನಲ್ಲಿ 720 ಮಾತ್ರ ಹಿಂದಿರುಗುತ್ತದೆ. ಸುತ್ತು ಸುತ್ತಿಗೂ ಕಡಿಮೆಯಾಗುತ್ತಾ ಯಂತ್ರ ನಿಲ್ಲುತ್ತದೆ. ತಾನಾಗಿ ತಿರುಗುವ ಚಕ್ರದ ಆಸೆ ಹಳೆಯದು: 12ನೆಯ ಶತಮಾನದಲ್ಲಿ ಎರಡನೆಯ ಭಾಸ್ಕರಾಚಾರ್ಯರೂ ಪಾದರಸ ತುಂಬಿದ ಅರಗಳ ಚಕ್ರವೊಂದನ್ನು ವರ್ಣಿಸಿದ್ದರು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು 1775ರಲ್ಲಿ ಇಂಥ ಯಂತ್ರಗಳ ಪರಿಶೀಲನೆಯನ್ನೇ ನಿಲ್ಲಿಸಿತು.

ಉತ್ತರ (ವಿದ್ಯುತ್ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್)

ಸರ್ ಹೇಳಿದ್ದಕ್ಕೆ ಟೆಸ್ಲಾ ಅವರ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಅಷ್ಟು ದೊಡ್ಡ ವಿಜ್ಞಾನಿಯ ಹೆಸರು ಹೀಗೆ ಬಳಕೆಯಾಗುವುದು ನನಗೆ ನೋವು ತರುತ್ತದೆ. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ತಂತಿಯಿಲ್ಲದೆ ವಿದ್ಯುತ್ ಸಾಗಿಸಲೆಂದು ಟೆಸ್ಲಾ 1901ರಲ್ಲಿ ಆರಂಭಿಸಿದ ವಾರ್ಡನ್‌ಕ್ಲಿಫ್ ಗೋಪುರಕ್ಕೆ ಬ್ಯಾಂಕ್ ಉದ್ಯಮಿ ಜೆ. ಪಿ. ಮಾರ್ಗನ್ ಹಣ ಕೊಟ್ಟು, ಮುಂದೆ ಕೊಡಲು ಒಪ್ಪಲಿಲ್ಲ. 1917ರಲ್ಲಿ ಅದನ್ನು ಕೆಡವಲಾಯಿತು. ಆದರೆ ಆ ಗೋಪುರ ವಿದ್ಯುತ್ತನ್ನು ಉತ್ಪಾದಿಸಲು ಕಟ್ಟಿದ್ದಲ್ಲ, ಸಾಗಿಸಲು ಕಟ್ಟಿದ್ದು. ವಾರಾಹಿ ಜಲವಿದ್ಯುತ್ ಕೇಂದ್ರದಲ್ಲಿ ನೀರು ಬಿದ್ದರೆ ತಾನೇ ನಮ್ಮ ತಂತಿಯಲ್ಲಿ ಕರೆಂಟು? ತಂತಿಯನ್ನು ತೆಗೆದುಹಾಕಿದರೂ ನೀರು ಬೀಳಲೇಬೇಕು.

ತಂತಿಯಿಲ್ಲದ ಸಾಗಣೆಯನ್ನು ಯಾರೂ ಮುಚ್ಚಿಟ್ಟಿಲ್ಲ. ಅಮೆರಿಕದ ಗೋಲ್ಡ್‌ಸ್ಟೋನಿನಲ್ಲಿ 1975ರಲ್ಲಿ ಮೈಕ್ರೋವೇವ್ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರಕ್ಕೆ 30 ಕಿಲೋವ್ಯಾಟಿಗೂ ಹೆಚ್ಚು ಶಕ್ತಿ ಕಳುಹಿಸಿದರು; ಅದಕ್ಕೆ 26 ಮೀಟರ್ ಅಗಲದ ಆಂಟೆನಾ ಬೇಕಾಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ತಂತಿಯ ಸುರುಳಿಗಳ ಮೂಲಕ ಎರಡು ಮೀಟರ್ ದೂರದ 60 ವ್ಯಾಟ್ ಬಲ್ಬನ್ನು ಬೆಳಗಿಸಿದಾಗ ತಲುಪಿದ್ದು ಶೇಕಡಾ 40ರಷ್ಟು ಮಾತ್ರ. ಮೊಬೈಲನ್ನು ತಂತಿಯಿಲ್ಲದ ಚಾರ್ಜರಿಗೆ ತಾಗಿಸಿಯೇ ಇಡಬೇಕಾಗಿರುವುದೂ ದೂರ ಹೆಚ್ಚಿದಂತೆ ಎರಡರೊಳಗಿನ ತಂತಿ ಸುರುಳಿಗಳ ನಂಟು ಬೇಗ ಸಡಿಲಾಗುವುದರಿಂದಲೇ. ತಮಗೆ ನೀರು ಬೇಕಾಗುವುದು ಬಿಸಿಲಿರುವಾಗಲೇ ಆದ್ದರಿಂದ ಸೌರ ಪಂಪಿನ ಬಗ್ಗೆ ವಿಚಾರಿಸಿ. 2 ಅಶ್ವಶಕ್ತಿಗೆ ಸುಮಾರು 2 ಕಿಲೋವ್ಯಾಟಿನ ಫಲಕಗಳು ಸಾಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಪ್ಲಗ್ ಕಿತ್ತ ಮೇಲೆ ನನ್ನ ಪಂಪನ್ನು ಒಂದು ಗಂಟೆ ಓಡಿಸಿ ತೋರಿಸಿ, ಅಲ್ಲಿಯೇ ಪೂರ್ತಿ ಹಣ ಕೊಡುತ್ತೇನೆ ಎಂದು ಅವರಿಗೆ ಫೋನಿನಲ್ಲಿ ಹೇಳಿದೆ. ಬಲ್ಬು ತರುತ್ತೇವೆ, ಪಂಪಿಗೆ ಜೋಡಿಸುವುದಿಲ್ಲ ಎಂದರು. ಸೌರ ಫಲಕಕ್ಕೆ ಅಡಿಕೆ ಅಂಗಳದ ಪಕ್ಕದ ಜಾಗ ಅಳೆದಿದ್ದೇನೆ. ಮಧ್ಯಾಹ್ನ ಮೂರರ ನಂತರ ಅಲ್ಲಿ ಹಲಸಿನ ಮರದ ನೆರಳು ಬೀಳುತ್ತದೆ. ಅದಕ್ಕೇನು ಮಾಡಬಹುದು?